ಗೋಡೆಗೆ ಮುಖ ಮಾಡಿದ ಪಾದಗಳು

ಸೆಪ್ಟೆಂಬರ್ ೩, ಬುಧವಾರ

ಈ ಪುಸ್ತಕ ಕೊಟ್ಟವಳು ನನ್ನ ತಂಗಿಯ ಮಗಳು. "ಮಾವ, ದಿನವಿಡೀ ನನ್ನ ತಲೆ ತಿನ್ನೋ ಬದಲು ಇದರಲ್ಲಿ ಬರಿ. ಕಾಗದಕ್ಕೆ ತಲೆನೋವು ಬರಲ್ಲ" ಅಂದಳು. ಅವಳ ತಾಯಿ ಇದ್ದಷ್ಟು ಕಾಲ ವಾರಕ್ಕೊಂದು ಕಾಗದ ಬರೆದ ಕೈ ಇದು. ಶಾಲೆಯ ಮುಖ ನೋಡಿದ್ದು ಎರಡೇ ವರ್ಷವಾದರೂ, ಗಿರಾಕಿಗಳ ಅಳತೆ ಚೀಟಿ ಬರೆದೂ ಬರೆದೂ ನನ್ನ ಅಕ್ಷರ ದುಂಡಗಾಯಿತು. ಈಗ ಕಾಗದ ಹಾಕಲು ವಿಳಾಸವಿಲ್ಲ. ಇರಲಿ, ನನಗೆ ನಾನೇ ಬರೆದುಕೊಂಡರಾಯಿತು.

ವಿಷಯ ಇಷ್ಟೇ. ಮಳಿಗೆಯ ಮಾಲೀಕ ಬಂದಿದ್ದ. ಮೂವತ್ತನೇ ತಾರೀಖಿನೊಳಗೆ ಖಾಲಿ ಮಾಡಬೇಕಂತೆ, ಔಷಧಿ ಅಂಗಡಿಯವರು ಬರುತ್ತಾರಂತೆ. ಅವನ ಮೇಲೆ ಕೋಪ ಮಾಡಿಕೊಳ್ಳಲು ನನಗೇನೂ ಕಾರಣವಿಲ್ಲ. ನಾನು ಜೋಡು ಹೊಲಿಯುವುದನ್ನು ಬಿಟ್ಟು ಮೂರು ವರ್ಷವಾಯಿತು. ಕೈ ನಡುಗುತ್ತದೆ. ಮುಚ್ಚಿದ ಮಳಿಗೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಮಣೆ, ಮತ್ತೆ ಗೋಡೆ ತುಂಬ ಅಚ್ಚುಗಳು.

ಅಚ್ಚು ಅಂದರೆ ಮರದಲ್ಲಿ ಕೆತ್ತಿದ ಪಾದ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಜೊತೆ. ಅದರ ಮೇಲೆ ಚರ್ಮ ಎಳೆದು ಹೊಲಿದರೆ ಆ ಜೋಡು ಆ ಕಾಲಿಗೇ ಕೂರುತ್ತದೆ, ಇನ್ನೊಬ್ಬರ ಕಾಲಿಗೆ ಕೂರುವುದಿಲ್ಲ. ವಯಸ್ಸಾಗಿ ಕಾಲಿಗೆ ಗಂಟು ಬಂದರೆ, ಬಾವು ಬಂದರೆ, ಅಚ್ಚಿನ ಅದೇ ಜಾಗಕ್ಕೆ ಚರ್ಮದ ತೇಪೆ ಅಂಟಿಸುವುದು. ಹಾಗೆ ಗಿರಾಕಿಯ ಜೊತೆಗೆ ಅಚ್ಚಿಗೂ ವಯಸ್ಸಾಗುತ್ತದೆ. ನಲವತ್ತೊಂಬತ್ತು ವರ್ಷಗಳ ಕಾಲುಗಳಿವೆ ಆ ಗೋಡೆಯಲ್ಲಿ.

"ಸೌದೆಗೆ ಹಾಕು, ಇಲ್ಲಾಂದ್ರೆ ಮ್ಯೂಸಿಯಂಗೆ ಕೊಡು" ಅಂದಳು ಸೊಸೆ, ಅದೇ ಪುಸ್ತಕ ಕೊಟ್ಟವಳು. ಅವಳು ಬುಧವಾರ, ಶನಿವಾರ ಹಳ್ಳಿಗಳಿಗೆ ವ್ಯಾನಿನಲ್ಲಿ ಬ್ರೆಡ್ಡು ಹಾಕಿ ಬರುತ್ತಾಳೆ. ದಾರಿಯುದ್ದಕ್ಕೂ ಹಳೆಯ ಮನೆಗಳಂತೆ, ಚಿಕ್ಕ ಚಿಕ್ಕ ಮ್ಯೂಸಿಯಂಗಳಂತೆ. "ಒಂದೊಂದು ಸಲ ಒಂದೊಂದು ಕಡೆ ಇಳಿಸ್ತೀನಿ. ಹೆಣ್ಣು ಕೊಡೋ ಮನೆ ನೋಡೋ ಹಾಗೆ ನೋಡ್ಕೊಂಡು ಬಾ."

ಮುನ್ನೂರು ಹೆಣ್ಣುಮಕ್ಕಳ ತಂದೆ ನಾನು. ಎಲ್ಲರನ್ನೂ ಒಂದೇ ಮನೆಗೆ ಕೊಡಬೇಕು, ಅದೂ ಇಪ್ಪತ್ತೇಳು ದಿನಗಳಲ್ಲಿ. ಯಾವ ತಂದೆಗೂ ಬೇಡ ಈ ಪಾಡು.

ಸೆಪ್ಟೆಂಬರ್ ೬, ಶನಿವಾರ

ಮೊದಲನೆಯ ಮನೆ ಒಬ್ಬ ನ್ಯಾಯಾಧೀಶನದು. ಅವನು ಸತ್ತು ನೂರು ವರ್ಷವಾದರೂ ಊಟದ ಮೇಜಿನ ಮೇಲೆ ತಟ್ಟೆ ಇಟ್ಟು ಕಾಯುತ್ತಿದ್ದಾರೆ. ಹಣ್ಣು ಮೇಣದವು. ಕೋಣೆಕೋಣೆಗೂ ಕೆಂಪು ಹಗ್ಗ, ಸಾಮಾನಿಗೊಂದು ಹಲಗೆ: ಮುಟ್ಟಬಾರದು. ನಲವತ್ತೊಂದು ಎಣಿಸಿದೆ, ಆಮೇಲೆ ಬಿಟ್ಟೆ. ಕಿಟಕಿಯ ಪರದೆಗೂ ಒಂದು ಇತ್ತು. ಪರದೆ ಮುಟ್ಟದೆ ಇವರು ಕಿಟಕಿ ಹೇಗೆ ತೆರೆಯುತ್ತಾರೋ.

ಮನೆ ತೋರಿಸುವ ಹೆಂಗಸು ಬಾಯಿಪಾಠ ಒಪ್ಪಿಸುತ್ತ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. "ನ್ಯಾಯಾಧೀಶರು ದಿನಾ ಎಂಟು ಮೈಲಿ ನಡೀತಿದ್ದ ಬೂಟುಗಳು ಇವು."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಅಮ್ಮಾ, ಇದರ ಅಟ್ಟೆ ನೆಲಾನೇ ಮುಟ್ಟಿಲ್ಲ."

"ಹಾಗಾದ್ರೆ ಅವರು ನಡೀತಾನೇ ಇರ್ಲಿಲ್ಲ ಅಂತೀರಾ?"

"ನಡೆದಿರಬಹುದು. ಈ ಬೂಟಲ್ಲಿ ಅಲ್ಲ."

ಹಿಂದಿದ್ದ ಗಂಡ ಹೆಂಡತಿ ಕಿಸಕ್ಕನೆ ನಕ್ಕರು. ಆ ಹೆಂಗಸು ಆಮೇಲೆ ನನ್ನ ಕಡೆ ತಿರುಗಿ ನೋಡಲಿಲ್ಲ. ತಪ್ಪು ನನ್ನದೇ. ಹೆಣ್ಣು ಕೊಡಲು ಹೋದವನು ಹುಡುಗನ ತಾತನ ಹಲ್ಲು ಎಣಿಸಬಾರದು.

ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಅಚ್ಚುಗಳನ್ನು ಸಂತೋಷದಿಂದ ತೆಗೆದುಕೊಳ್ಳುತ್ತೇವೆ ಅಂದ. ಇಡುವ ಜಾಗ ತೋರಿಸಲು ನೆಲಮಾಳಿಗೆಗೆ ಕರೆದೊಯ್ದ. ಸಾಲುಸಾಲು ರಟ್ಟಿನ ಪೆಟ್ಟಿಗೆಗಳು, ಎಲ್ಲಕ್ಕೂ ಸಂಖ್ಯೆ. ಮೂಲೆಯಲ್ಲಿ ಒಂದು ತೊಟ್ಟಿಲು, ಅದರ ಕಾಲಿಗೂ ಸಂಖ್ಯೆ.

"ಇವನ್ನೆಲ್ಲ ಯಾವಾಗ ಹೊರಗೆ ತೆಗೀತೀರಿ?"

"ವಿಶೇಷ ಪ್ರದರ್ಶನ ಇಟ್ಟಾಗ."

"ಕೊನೇ ಸಲ ಇಟ್ಟಿದ್ದು ಯಾವಾಗ?"

ಅವನು ತೊಟ್ಟಿಲ ಮೇಲಿನ ಧೂಳು ಒರೆಸಿದ. "ನಾನು ಕೆಲಸಕ್ಕೆ ಸೇರೋಕೆ ಮುಂಚೆ."

ವ್ಯಾನು ಹತ್ತಿದ ಕೂಡಲೇ ಸೊಸೆ ಕೇಳಿದಳು, "ಸಂಬಂಧ ಹೇಗಿದೆ ಮಾವ?"

"ಮನೆ ಭಾರಿ ದೊಡ್ಡದು. ಸೊಸೆಯನ್ನ ನೆಲಮಾಳಿಗೆಯಲ್ಲಿ ಇಡ್ತಾರೆ."

ಸೆಪ್ಟೆಂಬರ್ ೧೦, ಬುಧವಾರ

ಇವತ್ತಿನದು ನಿವೃತ್ತ ಪೋಸ್ಟ್ ಮಾಸ್ತರರ ಮನೆ. ಮನೆಯೇ ಮ್ಯೂಸಿಯಂ. ಅರವತ್ತನಾಲ್ಕು ಇಸ್ತ್ರಿ ಪೆಟ್ಟಿಗೆ, ನಲವತ್ತು ಲಾಂದ್ರ, ಬೀಗಗಳಿಗೆ ಲೆಕ್ಕವಿಲ್ಲ. ಕೂರಲು ಜಾಗವಿಲ್ಲದೆ ಅವರ ಹೆಂಡತಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

"ನೋಡಿ, ನಮ್ಮ ಮನೇಲಿ ಇಷ್ಟು ಇಸ್ತ್ರಿ ಪೆಟ್ಟಿಗೆ ಇದಾವೆ, ಇವರ ಅಂಗಿ ಒಂದಾದ್ರೂ ಇಸ್ತ್ರಿ ಆಗಿದ್ಯಾ?" ಅಂದರು ಆಯಮ್ಮ. "ಇನ್ನು ನನ್ನನ್ನೂ ಒಂದು ಗಾಜಿನ ಪೆಟ್ಟಿಗೇಲಿ ಇಟ್ಬಿಟ್ರೆ ಇವರ ಕೆಲಸ ಮುಗೀತು."

"ನಿನ್ನನ್ನ ಇಟ್ರೆ ಮಾತು ಕೇಳಿಸದ ಹಾಗೆ ಗಾಜು ದಪ್ಪಗಿರಬೇಕು ಕಣೆ" ಅಂದರು ಮಾಸ್ತರು.

ಇಬ್ಬರೂ ನಕ್ಕರು. ನಾನೂ ನಕ್ಕೆ. ಮನೆ ಒಳ್ಳೆಯದು, ಜನ ಒಳ್ಳೆಯವರು, ಸಂಬಂಧ ಕುದುರಿತು ಅಂದುಕೊಂಡೆ. ಮಾದರಿಗೆಂದು ಒಯ್ದಿದ್ದ ಒಂದು ಜೊತೆಯನ್ನು ಕೈಗೆ ಕೊಟ್ಟೆ. ಮಾಸ್ತರು ತಿರುಗಿಸಿ ನೋಡಿ ಖುಷಿಯಾದರು.

"ಹಿಮ್ಮಡಿ ಹತ್ರ ಒಂದೊಂದು ತೂತು ಕೊರೆದು ಗೋಡೆಗೆ ಹೊಡೆದ್ರೆ, ಕೋಟು ತಗುಲಿಹಾಕೋಕೆ ಎಷ್ಟು ಚೆನ್ನಾಗಿರುತ್ತೆ!"

ಅಚ್ಚನ್ನು ಅವರ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡೆ. ನಮ್ಮೂರ ಬಸ್ ಕಂಡಕ್ಟರನ ಪಾದ ಅದು. ದಿನಕ್ಕೆ ಹದಿನಾಲ್ಕು ಗಂಟೆ ನಿಂತು ನಿಂತು ಚಪ್ಪಟೆಯಾದ ಪಾದ. ಸತ್ತಮೇಲೂ ಅವನು ಇನ್ನೊಬ್ಬರ ಕೋಟು ಹೊರಬೇಕೆ?

ಸೆಪ್ಟೆಂಬರ್ ೧೩, ಶನಿವಾರ

ಹೋಗಲಿಲ್ಲ. ಮೊಣಕಾಲು ನೋವು ಅಂದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಸೆಪ್ಟೆಂಬರ್ ೧೭, ಬುಧವಾರ

ಸೇತುವೆಯ ತುದಿಯಲ್ಲಿ ಒಂದು ಹಳೆಯ ಸುಂಕದ ಮನೆ. ಹಿಂದೆ ಗಾಡಿಗಳನ್ನು ನಿಲ್ಲಿಸಿ ಸುಂಕ ವಸೂಲಿ ಮಾಡುತ್ತಿದ್ದ ಜಾಗ. ಈಗ ಎರಡೇ ಕೋಣೆಯ ಮ್ಯೂಸಿಯಂ. ನೋಡಿಕೊಳ್ಳುವವರು ಒಬ್ಬ ನಿವೃತ್ತ ನರ್ಸು. ಊರವರೆಲ್ಲ ನರ್ಸಮ್ಮ ಅನ್ನುತ್ತಾರೆ. ನನಗಿಂತ ಐದಾರು ವರ್ಷ ಚಿಕ್ಕವರಿರಬಹುದು. ಕಾಲಿಗೆ ಗಂಡಸರ ಜೋಡು, ಎಡಗಾಲಿನ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿದೆ. ಸೊಂಟ ನೋವು ಇರಬೇಕು, ಹೇಳಿಕೊಳ್ಳುವ ಪೈಕಿಯಲ್ಲ.

ಕುಂದುಗಳನ್ನು ಮೊದಲು ಬರೆಯುತ್ತೇನೆ. ಬಡಗಣ ಗೋಡೆ ತಂಪು. ದೀಪ ಸಾಲದು. ಬಾಗಿಲು ನೆಲಕ್ಕೆ ಉಜ್ಜುತ್ತದೆ. ಬಂದವರು ಸಹಿ ಹಾಕುವ ಪುಸ್ತಕದಲ್ಲಿ ಕೊನೆಯ ಸಹಿ ಹನ್ನೊಂದು ದಿನ ಹಿಂದಿನದು. ಅದೂ ಮಳೆಗೆ ನಿಂತವನದಂತೆ.

ಒಂದು ಪೆಟ್ಟಿಗೆಯಲ್ಲಿ ಬಹಳ ಹಳೆಯ ಜೋಡುಗಳಿದ್ದವು. ಚೀಟಿಯಲ್ಲಿ ಹೀಗೆ ಬರೆದಿತ್ತು: "ಎರಡೂ ಒಂದೇ ಕಾಲಿನವು. ಬಡವನೊಬ್ಬ ಸಿಕ್ಕಿದ್ದನ್ನು ಸೇರಿಸಿಕೊಂಡು ಮೆಟ್ಟಿರಬೇಕು."

ಈ ಸಲ ನಾಲಿಗೆ ಕಚ್ಚಿಕೊಂಡೇ ಹೇಳಿದೆ. "ಬಡತನ ಅಲ್ಲಮ್ಮ. ಆಗಿನ ಕಾಲದಲ್ಲಿ ಎಡ ಬಲ ಅಂತ ಬೇರೆ ಮಾಡ್ತಿರ್ಲಿಲ್ಲ. ಒಂದೇ ಅಚ್ಚಿನ ಮೇಲೆ ಎರಡನ್ನೂ ಹೊಲೀತಿದ್ರು. ಮೆಟ್ಟಿ ಮೆಟ್ಟಿ ಕಾಲೇ ಎಡ ಬಲ ಮಾಡ್ಕೋಬೇಕು. ಇದನ್ನ ಯಾರೂ ಹೆಚ್ಚು ದಿನ ಮೆಟ್ಟಿಲ್ಲ, ಅದಕ್ಕೇ ಎರಡೂ ಹಾಗೇ ಇದಾವೆ."

ಬೈಸಿಕೊಳ್ಳಲು ಸಿದ್ಧನಾಗಿದ್ದೆ. ನರ್ಸಮ್ಮ ಸೊಂಟದ ಬೀಗದ ಕೈ ತೆಗೆದು, ಗಾಜು ಸರಿಸಿ, ಆ ಚೀಟಿಯನ್ನು ಹರಿದು ಹಾಕಿದರು. ಒಂದು ಹೊಸ ಚೀಟಿ, ಪೆನ್ನು ಮುಂದಿಟ್ಟರು.

"ಹನ್ನೆರಡು ವರ್ಷದಿಂದ ಸುಳ್ಳು ಹೇಳ್ತಾ ಇದ್ನಲ್ಲ! ನೀವೇ ಬರೀರಿ."

"ನನ್ನ ಕೈ ನಡುಗುತ್ತೆ."

"ಡಾಕ್ಟರ ಅಕ್ಷರ ಓದಿ ಮೂವತ್ತೆಂಟು ವರ್ಷ ಔಷಧಿ ಕೊಟ್ಟಿದೀನಿ. ನಿಮ್ಮದು ಓದಕ್ಕಾಗಲ್ವಾ?"

ಬರೆದೆ. ನಾಲ್ಕು ಸಾಲು. ಪರವಾಗಿಲ್ಲ, ಓದುವ ಹಾಗಿತ್ತು.

ಹೊರಡುವಾಗ ಒಂದು ಒಣಗಿದ ತೆಳು ಚರ್ಮದ ಪಟ್ಟಿಯನ್ನು ಬಡಗಣ ಗೋಡೆಯ ಮೊಳೆಗೆ ನೇತುಹಾಕಿ ಬಂದೆ. ಗೋಡೆಯಲ್ಲಿ ಶೀತ ಇದ್ದರೆ ವಾರದಲ್ಲಿ ಪಟ್ಟಿ ಮೆತ್ತಗಾಗಿ ಜೋತುಬೀಳುತ್ತದೆ. ನನಗೆ ಕಸುಬು ಕಲಿಸಿದ ಮೇಸ್ತ್ರಿಯ ಪರೀಕ್ಷೆ ಇದು.

ಸೊಸೆ ಕೇಳಿದಳು, "ಇದು?"

"ಸಾಧಾರಣ" ಅಂದೆ. ಅವಳು ಯಾಕೋ ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ವ್ಯಾನು ಓಡಿಸಿದಳು.

ಸೆಪ್ಟೆಂಬರ್ ೨೦, ಶನಿವಾರ

ಮಳಿಗೆಯಲ್ಲೇ ಇದ್ದೆ. ಅಚ್ಚುಗಳ ಪಟ್ಟಿ ಮಾಡಬೇಕಿತ್ತು.

ಇದನ್ನು ಯಾರಿಗೂ ಹೇಳಿದವನಲ್ಲ, ಇಲ್ಲಿ ಬರೆದಿಡುತ್ತೇನೆ. ನಮ್ಮ ಮೇಸ್ತ್ರಿಯ ಕಾಲದಿಂದ ಒಂದು ಪದ್ಧತಿ. ಗಿರಾಕಿ ತೀರಿಹೋದ ಸುದ್ದಿ ಬಂದ ದಿನ, ಅವರ ಎರಡು ಅಚ್ಚುಗಳನ್ನು ಮೇಣದ ದಾರದಿಂದ ಜೋಡಿಸಿ ಕಟ್ಟಿ, ಹಲಗೆಯ ಮೇಲೆ ತಿರುಗಿಸಿ ಇಡುವುದು. ಬೆರಳು ಗೋಡೆಯ ಕಡೆಗೆ, ಹಿಮ್ಮಡಿ ನಮ್ಮ ಕಡೆಗೆ. ಕೆಲಸದ ಗಡಿಬಿಡಿಯಲ್ಲಿ ಕೈ ತಪ್ಪಿ ಅವರ ಅಚ್ಚನ್ನು ಎತ್ತಿಕೊಳ್ಳಬಾರದು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಮೇಸ್ತ್ರಿ ಬಾಯಿಬಿಟ್ಟು ಹೇಳಲಿಲ್ಲ. ತಿರುಗಿಸುವಾಗ ತಲೆಯ ಮೇಲಿನ ಟೋಪಿ ತೆಗೆಯುತ್ತಿದ್ದ.

ಈಗ ಗೋಡೆಯ ಮುಕ್ಕಾಲುಪಾಲು ಹಿಮ್ಮಡಿಗಳೇ. ಬಾಗಿಲು ತೆರೆದರೆ ಊರಿಗೆ ಊರೇ ಬೆನ್ನು ಹಾಕಿ ನಿಂತ ಹಾಗೆ ಕಾಣುತ್ತದೆ.

ಒಂದು ಜೊತೆ ಮಾತ್ರ ನಾನು ತಿರುಗಿಸಿಲ್ಲ.

ಅವಳು ಮೊದಲು ಬಂದಿದ್ದು ಗಿರಾಕಿಯಾಗಿ. ಹತ್ತೊಂಬತ್ತು ವರ್ಷ. ಚಿಕ್ಕಂದಿನ ಜ್ವರದಲ್ಲಿ ಎಡಗಾಲು ಬೆಳೆಯದೆ ಅರ್ಧ ಅಂಗುಲ ಚಿಕ್ಕದಾಗಿತ್ತು. "ಮುಂದೆ ಹತ್ತಿ ತುಂಬ್ಕೊಳಮ್ಮ, ಎಲ್ಲರೂ ಹಾಗೇ ಮಾಡೋದು" ಅಂದ ಮೇಸ್ತ್ರಿ. ನಾನಾಗ ಕೆಲಸ ಕಲಿಯುತ್ತಿದ್ದೆ. ಮೇಸ್ತ್ರಿ ಊಟಕ್ಕೆ ಹೋದಾಗ ಅವಳ ಎರಡೂ ಕಾಲಿನ ಅಳತೆ ಬೇರೆ ಬೇರೆ ತೆಗೆದೆ. ನಾನು ಸ್ವಂತವಾಗಿ ಕೆತ್ತಿದ ಮೊದಲ ಅಚ್ಚು ಅದು. ಹೊಸ ಜೋಡು ಮೆಟ್ಟಿ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದು, "ಈಗ ಎರಡೂ ಕಾಲು ನಂದೇ ಅನ್ನಿಸ್ತಿದೆ" ಅಂದಳು. ಎರಡು ವರ್ಷದ ಮೇಲೆ ನಮ್ಮ ಮದುವೆಯಾಯಿತು.

ಅವಳ ಅಚ್ಚಿನ ಮೇಲೆ ಹನ್ನೊಂದು ತೇಪೆಗಳಿವೆ. ಹನ್ನೊಂದನೆಯದು ಕಾಲು ಬಾತುಕೊಂಡಾಗ ಅಂಟಿಸಿದ್ದು. ಅದರ ಮೇಲೆ ಎಳೆಯಲು ಮೆತ್ತನೆಯ ಚರ್ಮ ಕತ್ತರಿಸಿಟ್ಟಿದ್ದೆ. ಹೊಲಿಯಲಿಲ್ಲ.

ಎಲ್ಲರನ್ನೂ ತಿರುಗಿಸಿದ ಕೈಗೆ ಇದೊಂದು ಜೊತೆ ಮೂರು ವರ್ಷದಿಂದ ಭಾರ.

ಪಟ್ಟಿ ಮುಗಿಯಿತು. ಸೊಸೆ ಬಂದಾಗ ಮುನ್ನೂರ ಹನ್ನೊಂದು ಅಂತ ಹೇಳಿದೆ.

ಸೆಪ್ಟೆಂಬರ್ ೨೪, ಬುಧವಾರ

ಶೀತ ಪರೀಕ್ಷಿಸಲು ಸುಂಕದ ಮನೆಗೆ ಹೋಗಿದ್ದೆ. ಅದಕ್ಕಷ್ಟೇ. ಚರ್ಮದ ಪಟ್ಟಿ ಕಡ್ಡಿಯ ಹಾಗೆ ನೆಟ್ಟಗಿತ್ತು.

"ನೀವು ಹೋದಾಗಿನಿಂದ ದಿನಾ ಬೆಳಿಗ್ಗೆ ಅದರ ಮುಖ ನೋಡ್ತಿದೀನಿ" ಅಂದರು ನರ್ಸಮ್ಮ. "ರೋಗಿಯ ಜ್ವರ ನೋಡಿದ ಹಾಗೆ. ಪಾಸಾಯ್ತಾ?"

"ಗೋಡೆ ಪಾಸು. ಬಾಗಿಲು ನಪಾಸು."

ಬಾಗಿಲಿನ ಅಡಿಯನ್ನು ಅರದಿಂದ ಉಜ್ಜಿ ಸರಿ ಮಾಡಿಕೊಟ್ಟೆ. ಅರ ಚೀಲದಲ್ಲಿತ್ತು. ಹೊರಡುವಾಗ ಅದನ್ನು ಯಾಕೆ ಹಾಕಿಕೊಂಡೆನೋ.

ಅಚ್ಚುಗಳನ್ನು ಇವರಿಗೇ ಕೊಡುವುದೆಂದು ಮಾತಾಯಿತು. ಹಳೆಯ ದವಾಖಾನೆಯ ಔಷಧಿ ಹಲಗೆಗಳಿವೆಯಂತೆ, ಹಾಕಿಸುತ್ತಾರಂತೆ. ಪಟ್ಟಿ ಅವರ ಕೈಗೆ ಕೊಟ್ಟೆ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಇವುಗಳ ಬಗ್ಗೆ ನಾನು ತಿಳ್ಕೋಬೇಕಾದ್ದು ಬೇರೆ ಏನಾದ್ರೂ ಇದ್ಯಾ?"

ಇಲ್ಲ ಅಂದೆ. ತಿರುಗಿಸುವ ಪದ್ಧತಿ ಹೇಳಬೇಕೆಂದು ಬಾಯಿಗೆ ಬಂದಿತ್ತು. ಹೇಳಿದರೆ, ತಿರುಗಿಸದೆ ಉಳಿದಿದ್ದರ ಕಥೆಯೂ ಹಿಂದೆಯೇ ಬರುತ್ತದೆ. ನುಂಗಿಕೊಂಡೆ.

ಸೆಪ್ಟೆಂಬರ್ ೨೭, ಶನಿವಾರ

ಸಾಗಣೆ ಆಯಿತು. ಬ್ರೆಡ್ಡಿನ ಟ್ರೇಗಳಲ್ಲೇ ಪಾದಗಳನ್ನು ಮಳಿಗೆಯ ಗೋಡೆಯಲ್ಲಿದ್ದ ದಿಕ್ಕಿನಲ್ಲೇ ಜೋಡಿಸಿದೆವು, ಮೂರು ಸುತ್ತು. ದಾರಿಯಲ್ಲಿ ಒಬ್ಬ ಮುದುಕಿ ಬ್ರೆಡ್ಡಿಗೆಂದು ವ್ಯಾನು ನಿಲ್ಲಿಸಿ ಒಳಗೆ ಇಣುಕಿ ನೋಡಿ, "ಏನಮ್ಮಾ ಇದು, ಇವತ್ತು ಊರನ್ನೇ ಬೇಯಿಸ್ಕೊಂಡು ಬಂದಿದೀಯಾ?" ಅಂದಳು. ಸೊಸೆ ನಕ್ಕು ನಕ್ಕು ಬ್ರೇಕಿನಿಂದ ಕಾಲು ತೆಗೆದುಬಿಟ್ಟಳು.

ಬೆನ್ನು ನೋಯುತ್ತಿದೆ. ಎಲ್ಲ ಹೋದವು. ಒಂದು ಜೊತೆ ಚೀಲದಲ್ಲಿ ನನ್ನ ಜೊತೆ ಮನೆಗೆ ಬಂದಿತು.

ಸೆಪ್ಟೆಂಬರ್ ೩೦, ಮಂಗಳವಾರ

ಬೀಗದ ಕೈ ಕೊಟ್ಟೆ. ಗೋಡೆಯ ಮೇಲೆ ಹಲಗೆಗಳಿದ್ದ ಕಡೆ ಬಿಳಿಯ ಗೆರೆಗಳು. ಮಾಲೀಕ ನೀರು ಬೇಕಾ ಅಂತ ಕೇಳಿದ. ಬೇಡ ಅಂದೆ.

ಅಕ್ಟೋಬರ್ ೧, ಬುಧವಾರ

ಕೈ ಇನ್ನೂ ನಡುಗುತ್ತಿದೆ. ವಯಸ್ಸಿನದಲ್ಲ, ಕೋಪದ್ದು.

ಸುಂಕದ ಮನೆಯಲ್ಲಿ ಹಲಗೆಗಳು ಎದ್ದಿದ್ದವು. ಅಚ್ಚುಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಿದ್ದರು. ಎಲ್ಲವೂ ಬೆರಳು ಹೊರಗೆ ಮಾಡಿಕೊಂಡು ನಮ್ಮ ಕಡೆ ನೋಡುತ್ತಿದ್ದವು. ಸತ್ತವರು, ಇದ್ದವರು ಎಲ್ಲ ಬೆರಕೆ. ನಾನು ಒಬ್ಬೊಬ್ಬರನ್ನಾಗಿ, ಒಂದೊಂದು ಸಾವಿನ ದಿನ, ಕೈಯಾರೆ ತಿರುಗಿಸಿದವರು. ನಲವತ್ತೊಂಬತ್ತು ವರ್ಷದ ಕೆಲಸವನ್ನು ಒಂದು ಒದ್ದೆ ಬಟ್ಟೆ ಮೂರು ದಿನದಲ್ಲಿ ಅಳಿಸಿಹಾಕಿತ್ತು.

"ಯಾರು ಹೇಳಿದ್ರು ನಿಮಗೆ ತಿರುಗಿಸೋಕೆ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ತಿರುಗಿಸಬೇಡಿ ಅಂತಾನೂ ಯಾರೂ ಹೇಳಿರ್ಲಿಲ್ಲ! ಏನಾದ್ರೂ ಇದ್ಯಾ ಅಂತ ಕೇಳಿದ್ದೆ ತಾನೆ? ಬಂದವರಿಗೆ ಹಿಮ್ಮಡಿ ತೋರಿಸ್ಕೊಂಡು ನಿಂತಿದ್ರೆ ಚೆನ್ನಾಗಿರುತ್ತಾ?"

"ದಾರ ಕಟ್ಟಿರೋರೆಲ್ಲ ಸತ್ತವರು!"

"ನನ್ನ ಮ್ಯೂಸಿಯಂನಲ್ಲಿ ಇರೋರೆಲ್ಲ ಸತ್ತವರೇ ಸ್ವಾಮಿ. ಬದುಕಿರೋರು ಒಬ್ಬರೂ ಒಳಗೆ ಬರಲ್ಲ, ಅದೇ ನನ್ನ ಕಷ್ಟ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಟೀ ಇಟ್ಟಿದ್ದರು, ಕುಡಿಯದೆ ಬಂದೆ. ಕೊಡೆ ಅಲ್ಲೇ ಉಳಿಯಿತು.

ದಾರವನ್ನು ಬಿಚ್ಚಿರಲಿಲ್ಲ. ಅಷ್ಟಾದರೂ ಪುಣ್ಯ.

ಅಕ್ಟೋಬರ್ ೨, ಗುರುವಾರ

ವಾಪಸು ತರಬೇಕು. ಆದರೆ ತಂದು ಇಡುವುದೆಲ್ಲಿ?

ಅಕ್ಟೋಬರ್ ೪, ಶನಿವಾರ

ನಾನು ಹೋಗಲಿಲ್ಲ. ಸೊಸೆ ಬ್ರೆಡ್ಡು ಹಾಕಿ ಬಂದು ನನ್ನ ಕೊಡೆಯನ್ನೂ ಮಡಿಸಿದ ಒಂದು ಕಾಗದವನ್ನೂ ಮೇಜಿನ ಮೇಲಿಟ್ಟಳು. ನನ್ನದೇ ಪಟ್ಟಿ. ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ.

"ಪಾಪ, ನರ್ಸಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡ್ರು ಮಾವ. ನಿನ್ನ ಪಟ್ಟೀಲಿ ಮುನ್ನೂರ ಹನ್ನೆರಡು ಜೊತೆ ಇದಾವಂತೆ. ಹಲಗೆ ಮೇಲೆ ಮುನ್ನೂರ ಹನ್ನೊಂದೇ. ಒಂದನ್ನ ತಾವೇ ಕಳೆದುಬಿಟ್ಟೆ ಅಂತ ಎರಡು ದಿನದಿಂದ ಹುಡುಕ್ತಿದಾರೆ. ಕಸದ ಬುಟ್ಟಿ ಸುರಿದು ನೋಡಿದಾರೆ, ಸೇತುವೆ ಕೆಳಗೂ ಹೋಗಿ ಬಂದಿದಾರೆ. ನೀನು ಅದಕ್ಕೇ ಸಿಟ್ಟಾಗಿ ಹೋದೆ ಅಂತ ಅವರ ಲೆಕ್ಕ."

ಪಟ್ಟಿ ನೋಡಿದೆ. ಕೊನೆಯಲ್ಲಿ, ನನ್ನ ದುಂಡು ಅಕ್ಷರದಲ್ಲೇ, ಅವಳ ಹೆಸರು. ಬರೆದದ್ದು ನೆನಪಿಲ್ಲ. ಬಾಯಿ ಮುನ್ನೂರ ಹನ್ನೊಂದು ಅಂದಿತು, ಕೈ ಇನ್ನೊಂದನ್ನೂ ಸೇರಿಸಿಬಿಟ್ಟಿದೆ.

ಸೊಸೆಯೂ ಓದಿದ್ದಾಳೆ. ಅತ್ತೆಯ ಹೆಸರು ಅವಳಿಗೆ ಗೊತ್ತಿಲ್ಲದ್ದೇ? ನನ್ನ ಮಂಚದ ಕೆಳಗಿದ್ದ ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿ, ಗುಡಿಸಿಕೊಂಡು ಹೋದಳು.

ಅರವತ್ತೆಂಟು ದಾಟಿದ ಹೆಂಗಸು ನನ್ನ ಒಂದು ಸುಳ್ಳಿಗಾಗಿ ಸೇತುವೆಯ ಕೆಳಗೆ ಇಳಿದಿದ್ದಾರೆ. ಅದೂ ಆ ಸವೆದ ಹಿಮ್ಮಡಿಯಲ್ಲಿ. ಜಾರಿದ್ದರೆ?

ಅಕ್ಟೋಬರ್ ೬, ಸೋಮವಾರ

ಬುಧವಾರದವರೆಗೆ ಕಾಯಲು ಆಗಲಿಲ್ಲ. ಎರಡು ಬಸ್ಸು ಬದಲಾಯಿಸಿ ಹೋದೆ. ನಿಜ ಹೇಳಿ, ಅಚ್ಚುಗಳನ್ನೆಲ್ಲ ಮತ್ತೆ ಗೋಡೆಗೆ ತಿರುಗಿಸಿ, ಬಂದುಬಿಡುವುದು. ಇದು ನನ್ನ ಯೋಜನೆ.

ಒಳಗೆ ಒಬ್ಬ ಗಾರೆ ಕೆಲಸದವನಿದ್ದ. ಎತ್ತರದ ಆಳು, ಬಟ್ಟೆಯ ಮೇಲೆಲ್ಲ ಸಿಮೆಂಟು. ಬಾಗಿಲ ಹೊಸ್ತಿಲು ಸರಿಮಾಡಲು ನರ್ಸಮ್ಮ ಕರೆಸಿದ್ದರಂತೆ. ಅವನು ಕೆಲಸ ಬಿಟ್ಟು ಹಲಗೆಯ ಮುಂದೆ ನಿಂತಿದ್ದ. ನರ್ಸಮ್ಮ ನನ್ನನ್ನು ನೋಡಿ ಅವನ ಕಡೆ ಕಣ್ಣು ತೋರಿಸಿದರು.

"ಇದು ನಮ್ಮಪ್ಪ" ಅಂದ ಅವನು. ಯಾರಿಗೆ ಹೇಳಿದನೋ, ಹಲಗೆಗೇ ಹೇಳಿದ ಹಾಗಿತ್ತು. "ಬಲಗಾಲು ನೋಡಿ, ಬೆರಳು ಆಚೆ ಕಡೆ ತಿರುಗಿದೆ. ಹೀಗೇ ನಿಂತ್ಕೋತಿದ್ದ. ಗೋಡೆ ಕಟ್ಟುವಾಗ, ಬಸ್ಸಿಗೆ ಕಾಯುವಾಗ, ನನಗೆ ಬಯ್ಯುವಾಗ. ಒಂದು ಪಾದ ನನ್ನ ಕಡೆ, ಇನ್ನೊಂದು ಹೊರಟು ನಿಂತಿರೋ ಹಾಗೆ."

ಹೌದು, ಅವನ ಅಪ್ಪನದೇ. ಬಲ ಹೆಬ್ಬೆರಳಿನ ಬಳಿ ಎರಡು ತೇಪೆ. ಹದಿನಾರು ವರ್ಷದ ಹಿಂದೆ ತಿರುಗಿಸಿದ್ದೆ. ಹಿಮ್ಮಡಿ ನೋಡಿದ್ದರೆ ಮಗನಿಗೆ ಗುರುತು ಸಿಗುತ್ತಿತ್ತೇ?

ಅವನು ನನ್ನ ಕಡೆ ನೋಡಿದ. "ಮುಟ್ಟಬಹುದಾ?"

ನರ್ಸಮ್ಮನೂ ನನ್ನ ಕಡೆಯೇ ನೋಡಿದರು. ನಾನು ತಲೆಯಾಡಿಸಿದೆ. ಅವನು ಕೈಯ ಸಿಮೆಂಟನ್ನು ಪ್ಯಾಂಟಿಗೆ ಒರೆಸಿಕೊಂಡು, ಅಚ್ಚಿನ ಮೇಲೆ ಅಂಗೈ ಇಟ್ಟ. ಆಮೇಲೆ ಮೂಗು ಉಜ್ಜಿಕೊಂಡು, "ಬೈತಿದ್ದ ಮುದುಕ" ಅಂತ ಹೇಳಿ ಹೊಸ್ತಿಲ ಕೆಲಸಕ್ಕೆ ಹೋದ.

ಅಚ್ಚುಗಳನ್ನು ತಿರುಗಿಸುವ ಮಾತು ನನ್ನ ಬಾಯಿಗೆ ಬರಲಿಲ್ಲ. ಬದಲಿಗೆ ಎಲ್ಲವನ್ನೂ ಹೇಳಿದೆ. ಪದ್ಧತಿ, ಮೇಸ್ತ್ರಿಯ ಟೋಪಿ, ಅವಳ ಅರ್ಧ ಅಂಗುಲ, ಚೀಲದಲ್ಲಿರುವುದು. ಕಳೆದದ್ದು ನೀವಲ್ಲ, ಬಚ್ಚಿಟ್ಟದ್ದು ನಾನು ಅಂದೆ. ನರ್ಸಮ್ಮ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು.

"ವಾರ್ಡಲ್ಲಿ ಯಾರಾದ್ರೂ ತೀರ್ಕೊಂಡ್ರೆ, ಸಾಯಂಕಾಲದೊಳಗೆ ಆ ಹಾಸಿಗೆಗೆ ಹೊಸ ಚಾದರ ಹಾಸ್ತಿದ್ದೆ" ಅಂದರು ಕೊನೆಗೆ. "ನಿಯಮ ಏನಿರ್ಲಿಲ್ಲ. ಖಾಲಿ ಹಾಸಿಗೆ ನೋಡೋಕಾಗ್ತಿರ್ಲಿಲ್ಲ. ನಿಮ್ಮದೂ ಹಾಗೇ ಏನೋ." ಆಮೇಲೆ ಎದ್ದು ಲೋಟ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ, "ಮೂರನೇ ಹಲಗೇಲಿ ಒಂದು ಜೊತೆಗೆ ಜಾಗ ಬಿಟ್ಟಿದೀನಿ. ಸಿಕ್ಕಿದ್ರೆ ಇಡೋಣ ಅಂತ ಬಿಟ್ಟಿದ್ದು. ಇಟ್ರೆ ಇಡಿ, ಬಿಟ್ರೆ ಬಿಡಿ. ಧೂಳಂತೂ ದಿನಾ ಒರೆಸ್ತೀನಿ."

ಚೀಲ ನನ್ನ ಜೊತೆಗಿತ್ತು. ತೆಗೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಅಕ್ಟೋಬರ್ ೧೮, ಶನಿವಾರ

ಚೀಟಿ ಬರೆಯುವ ಕೆಲಸ ನಡೆದಿದೆ. ದಿನಕ್ಕೆ ಹದಿನೈದು ಇಪ್ಪತ್ತು ಆಗುತ್ತದೆ. ಹೆಸರು ಬೇಡ, ಅವರು ಮಾಡುತ್ತಿದ್ದ ಕೆಲಸ ಮತ್ತು ಪಾದದ ಗುಣ ಸಾಕು ಅಂತ ನನ್ನ ಅಭಿಪ್ರಾಯ. "ಹಾಲಿನವಳು. ಎಡ ಹಿಮ್ಮಡಿ ಗಟ್ಟಿ, ಬಾಗಿಲು ಒದ್ದು ತೆರೆಯುತ್ತಿದ್ದಳು." "ಶಾಲೆಯ ಗಂಟೆ ಹೊಡೆಯುವವನು. ತುದಿಗಾಲಲ್ಲಿ ನಿಂತು ಬೆರಳುಗಳು ಅಗಲ." ನರ್ಸಮ್ಮ ಓದಿ ನಗುತ್ತಾರೆ. ಚೀಟಿ ಮುಗಿದರೆ ನನ್ನ ಕೆಲಸ ಮುಗಿಯಿತು. ಆಮೇಲೆ ಹೋಗುವ ಅಗತ್ಯವಿಲ್ಲ.

ಸೊಸೆ ನಿನ್ನೆ ಚೀಟಿಗಳನ್ನು ನೋಡಿ, "ಮಾವ, ಕೈ ನಡುಗ್ತಾನೇ ಇಲ್ವಲ್ಲ?" ಅಂದಳು.

ಚಳಿ ಇನ್ನೂ ಶುರುವಾಗಿಲ್ಲ, ಅದಕ್ಕಿರಬೇಕು.

ಅಕ್ಟೋಬರ್ ೨೯, ಬುಧವಾರ

ಗಾರೆಯವನು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ಈ ವಾರ ಸಹಿ ಪುಸ್ತಕದಲ್ಲಿ ಮೂವತ್ತನಾಲ್ಕು ಸಹಿ. ಅಕ್ಕತಂಗಿಯರು ಇಬ್ಬರು ಬಂದು ತಾಯಿಯ ಪಾದಕ್ಕಾಗಿ ಜಗಳವಾಡಿದರು. ಬದುಕಿರುವ ಒಬ್ಬ ಮುದುಕ ತನ್ನದೇ ಅಚ್ಚು ನೋಡಿ, "ಅಯ್ಯೋ, ನನ್ನನ್ನ ಇಷ್ಟು ಬೇಗ ಮ್ಯೂಸಿಯಂಗೆ ಹಾಕಿಬಿಟ್ರಾ?" ಅಂತ ರೇಗಿದ. ಅವನನ್ನು ಸಮಾಧಾನ ಮಾಡಲು ಎರಡು ಲೋಟ ಟೀ ಬೇಕಾಯಿತು.

ಮಧ್ಯಾಹ್ನ ಜನ ಇರಲಿಲ್ಲ. ನರ್ಸಮ್ಮನ ಎಡಗಾಲಿನ ಅಳತೆ ತೆಗೆದೆ, ಕಾಗದದ ಪಟ್ಟಿ ಸುತ್ತಿ. ಸುಮ್ಮನೆ, ಗೊತ್ತಿರಲಿ ಅಂತ. ಆ ಜೋಡಿನಲ್ಲಿ ನಡೆದರೆ ಸೊಂಟ ಉಳಿಯುವುದಿಲ್ಲ. ಒಳ್ಳೆಯ ಮರದ ತುಂಡು ಎಲ್ಲಿ ಸಿಗುತ್ತದೆಂದು ಗಾರೆಯವನನ್ನು ಕೇಳಬೇಕು. ಕತ್ತರಿಸಿಟ್ಟ ಮೆತ್ತನೆಯ ಚರ್ಮ ಒಂದು ಇದ್ದೇ ಇದೆ, ಹಾಗೇ ಇಟ್ಟರೆ ಬಿರುಕು ಬಿಡುತ್ತದೆ.

ಆಮೇಲೆ ಚೀಲ ತೆಗೆದೆ.

ಮೂರನೆಯ ಹಲಗೆಯ ಮುಂದೆ ನಿಂತಾಗ ಕೈ ತಾನೇ ಮೇಣದ ದಾರ ಹುಡುಕಿತು. ಎರಡನ್ನೂ ಜೋಡಿಸಿ ಕಟ್ಟಿದೆ, ಮೂರು ವರ್ಷದ ಮೇಲೆ. ಟೋಪಿ ತೆಗೆದೆ. ತಿರುಗಿಸಬೇಕೆಂದು ಹಲಗೆಯ ಕಡೆ ನೋಡಿದೆ. ಆ ಕೋಣೆಯಲ್ಲಿ ಒಬ್ಬರೂ ಗೋಡೆಗೆ ಮುಖ ಮಾಡಿ ನಿಂತಿರಲಿಲ್ಲ. ಇವಳೊಬ್ಬಳನ್ನೇ ಹೇಗೆ ತಿರುಗಿಸುವುದು? ಎಲ್ಲರ ಹಾಗೆ ಇಟ್ಟೆ. ಎಡಕ್ಕೆ ಹಾಲಿನವಳು, ಬಲಕ್ಕೆ ಬಸ್ ಕಂಡಕ್ಟರು. ಇಬ್ಬರೂ ಬಾಯಿಬಡುಕರು, ಅವಳಿಗೆ ಹೊತ್ತು ಹೋಗುತ್ತದೆ.

ಚೀಟಿ ಬರೆಯಲು ಬಹಳ ಹೊತ್ತು ಹಿಡಿಯಿತು. ನಾಲ್ಕು ಚೀಟಿ ಹರಿದೆ. ಐದನೆಯದನ್ನು ನರ್ಸಮ್ಮ ಪಿನ್ನು ಚುಚ್ಚಿ ಹಚ್ಚಿದರು. ಅದರಲ್ಲಿರುವುದು ಇಷ್ಟು:

"ಹೊಲಿಯುವವನ ಹೆಂಡತಿ. ಎಡಗಾಲು ಅರ್ಧ ಅಂಗುಲ ಚಿಕ್ಕದು. ಹನ್ನೊಂದು ತೇಪೆ. ಮುಟ್ಟಬಹುದು."